ಪ್ರೋಟೀನಿಗೆ ನಕ್ಷೆ ಬರೆದ ವಿಜ್ಞಾನಿ ಜಿ.ಎನ್. ರಾಮಚಂದ್ರನ್



ಅಮೃತಾಪುರವಿರಲಿ, ಅಜ್ಜಂಪುರವಿರಲಿ, ಕಾಫಿ ಕುಡಿದ ದೊಡ್ಡವರಿಗೆ ನಿದ್ದೆ ದೂರವಾಗುವುದನ್ನು ನೀವು ನೋಡಿದ್ದೀರಿ. ಇದು ಹೇಗೆ ಆಗುತ್ತದೆ ಗೊತ್ತೆ? ನಾವು ಎಚ್ಚರವಾಗಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಹೆಚ್ಚುತ್ತಾ ಹೋಗುತ್ತದೆ. ಜೀವಕೋಶಗಳ ಮೇಲೆ ಅದಕ್ಕೆಂದೇ ಇರುವ ಪ್ರೋಟೀನಿಗೆ ಗ್ರಾಹಕ ಎಂದು ಹೆಸರು. ಅಡಿನೋಸಿನ್ ಈ ಗ್ರಾಹಕದಲ್ಲಿ ಕುಳಿತಾಗ ತೂಕಡಿಕೆ ಬರುತ್ತದೆ. ಕಾಫಿಯಲ್ಲಿರುವ ಕೆಫೀನ್ ಆ ಜಾಗದಲ್ಲಿ ತಾನು ಹೋಗಿ ಕೂರುತ್ತದೆ. ಆಗ ಅಡಿನೋಸಿನ್‌ಗೆ ಜಾಗ ಸಿಗುವುದಿಲ್ಲ!

ಅನೇಕ ಔಷಧಗಳೂ ಹೀಗೆಯೇ ಯಾವುದಾದರೊಂದು ಪ್ರೋಟೀನಿಗೆ ಅಂಟಿಕೊಂಡು ಕೆಲಸ ಮಾಡುತ್ತವೆ. ಆದ್ದರಿಂದ ಹೊಸ ಔಷಧ ಹುಡುಕುವವರಿಗೆ ಪ್ರೋಟೀನಿನ ಸರಿಯಾದ ಆಕಾರ ತಿಳಿದಿರಬೇಕು. ಆ ಆಕಾರ ಸರಿಯೋ ತಪ್ಪೋ ಎಂದು ಪರೀಕ್ಷಿಸುವ ದಾರಿ ತೋರಿಸಿದವರು ನಮ್ಮ ದೇಶದ ಜಿ.ಎನ್. ರಾಮಚಂದ್ರನ್.

ಅವರು ಹುಟ್ಟಿದ್ದು 1922ರ ಅಕ್ಟೋಬರ್ 8ರಂದು, ಕೇರಳದ ಎರ್ನಾಕುಲಂನಲ್ಲಿ. 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಮೊದಲು ಸೇರಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ವಿಭಾಗಕ್ಕೆ. ನಂತರ ಭೌತವಿಜ್ಞಾನಕ್ಕೆ ಬದಲಾಯಿಸಿಕೊಂಡು ಸರ್ ಸಿ.ವಿ. ರಾಮನ್ ಅವರ ಶಿಷ್ಯರಾದರು. ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿಯೂ ಸಂಶೋಧನೆ ಮಾಡಿ, 1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾದರು.

ನಮ್ಮ ಚರ್ಮಕ್ಕೂ ಮೂಳೆಗೂ ಬಲ ಕೊಡುವ ಪ್ರೋಟೀನ್ ಕೊಲಾಜೆನ್. ಅದರ ರಚನೆ ಆಗ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ ಕ್ಷ-ಕಿರಣಗಳ ಸಹಾಯದಿಂದ ಅದನ್ನು ಪರೀಕ್ಷಿಸಿದರು. ಕೊಲಾಜೆನ್ ಮೂರು ಎಳೆಗಳನ್ನು ಹೊಸೆದ ಹಗ್ಗದಂತಿದೆ ಎಂದು 1954ರಲ್ಲಿ ಪ್ರಕಟಿಸಿದರು.

ಆದರೆ ಅವರು ಬರೆದ ರಚನೆಗೆ ಆಕ್ಷೇಪ ಬಂತು. ಡಿಎನ್‌ಎ ರಚನೆಯನ್ನು ಕಂಡುಹಿಡಿದವರಲ್ಲಿ ಒಬ್ಬರಾದ ಫ್ರಾನ್ಸಿಸ್ ಕ್ರಿಕ್ ಮತ್ತು ಅವರ ಜೊತೆಗಾರ ಅಲೆಕ್ಸಾಂಡರ್ ರಿಚ್, ಈ ಚಿತ್ರದಲ್ಲಿ ಕೆಲವು ಪರಮಾಣುಗಳು ಒಂದಕ್ಕೊಂದು ತೀರಾ ಹತ್ತಿರವಾಗಿವೆ ಎಂದರು. ರಾಮಚಂದ್ರನ್ ಬೇಸರಪಟ್ಟು ಸುಮ್ಮನಾಗಲಿಲ್ಲ. ಹಾಗಾದರೆ ಎರಡು ಪರಮಾಣುಗಳು ಎಷ್ಟು ಹತ್ತಿರ ಬರಬಹುದು ಎಂಬ ಪ್ರಶ್ನೆಯನ್ನೇ ಕೈಗೆತ್ತಿಕೊಂಡರು. ಅದುವರೆಗೆ ಪ್ರಕಟವಾಗಿದ್ದ ಸ್ಫಟಿಕಗಳ ಅಳತೆಗಳನ್ನು ಅವರ ತಂಡ ಒಂದೊಂದಾಗಿ ಹುಡುಕಿ ಪಟ್ಟಿ ಮಾಡಿತು.

ಈಗ ನೀವೊಂದು ಕೆಲಸ ಮಾಡಿ. ನಿಮ್ಮ ತೋಳನ್ನು ಭುಜದಿಂದ ಎಲ್ಲ ದಿಕ್ಕಿಗೂ ತಿರುಗಿಸಿ. ಕೆಲವು ಕಡೆ ಸರಾಗವಾಗಿ ಹೋಗುತ್ತದೆ, ಕೆಲವು ಕಡೆ ನಿಮ್ಮ ಮೈಯೇ ಅಡ್ಡ ಬರುತ್ತದೆ ಅಲ್ಲವೆ? ಪ್ರೋಟೀನ್ ಸರಪಳಿಯೂ ಹಾಗೆಯೇ. ಅದರ ಪ್ರತಿಯೊಂದು ಕೊಂಡಿಯಲ್ಲಿ ಎರಡು ತಿರುವುಗಳಿವೆ. ಆದರೆ ಪಕ್ಕದ ಪರಮಾಣುಗಳು ಅಡ್ಡ ಬರುವುದರಿಂದ ಬೇಕಾದ ಹಾಗೆ ತಿರುಗಲಾಗದು. ಯಾವ ತಿರುವು ಸಾಧ್ಯ, ಯಾವುದು ಅಸಾಧ್ಯ ಎಂಬುದನ್ನು ರಾಮಚಂದ್ರನ್, ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಲೆಕ್ಕ ಹಾಕಿ 1963ರಲ್ಲಿ ಒಂದು ಗ್ರಾಫಿನಲ್ಲಿ ತೋರಿಸಿದರು. ಅದೇ ಜಗತ್ಪ್ರಸಿದ್ಧ ರಾಮಚಂದ್ರನ್ ನಕ್ಷೆ. ಕೊಲಾಜೆನ್ ಚಿತ್ರದ ಕೆಲವು ವಿವರಗಳು ಮುಂದೆ ಬದಲಾದವು. ಮೂರೆಳೆಯ ಹಗ್ಗ ಮಾತ್ರ ಉಳಿಯಿತು, ಆಕ್ಷೇಪದಿಂದ ಹುಟ್ಟಿದ ನಕ್ಷೆಯೂ ಉಳಿಯಿತು.

1970ರ ದಶಕದ ಆರಂಭದಲ್ಲಿ ಅವರು ಮತ್ತೆ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಬಂದು ಅಣು ಜೀವಭೌತವಿಜ್ಞಾನ ವಿಭಾಗವನ್ನು ಕಟ್ಟಿದರು. 1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದರು. 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ನಿಧನರಾದರು.

ಪ್ರೋಟೀನುಗಳ ಆಕಾರವನ್ನು ಕೂಡಿಡುವ ಪ್ರೋಟೀನ್ ಡೇಟಾ ಬ್ಯಾಂಕ್ 1971ರಲ್ಲಿ ಕೇವಲ 7 ರಚನೆಗಳಿಂದ ಆರಂಭವಾಯಿತು. ಇಂದು ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ಸಿಗುವ ಈ ಭಂಡಾರದಲ್ಲಿ 2 ಲಕ್ಷಕ್ಕೂ ಹೆಚ್ಚು ರಚನೆಗಳಿವೆ. ಯಾವ ಔಷಧ ಯಾವ ಗ್ರಾಹಕಕ್ಕೆ ಅಂಟುತ್ತದೆ ಎಂದು ತಿಳಿಸುವ ಬೇರೆ ಮಾಹಿತಿ ಭಂಡಾರಗಳೂ ಇವೆ. ಭಂಡಾರದಲ್ಲಿ ತಪ್ಪು ಆಕಾರ ಸೇರಿದರೆ ಅದನ್ನು ನಂಬಿ ಔಷಧ ಹುಡುಕುವವರ ಶ್ರಮವೆಲ್ಲ ವ್ಯರ್ಥ. ಅದಕ್ಕಾಗಿಯೇ ಹೊಸ ಪ್ರೋಟೀನ್ ರಚನೆ ಬಂದಾಗ ಅದರ ತಿರುವುಗಳನ್ನು ರಾಮಚಂದ್ರನ್ ನಕ್ಷೆಯ ಮೇಲಿಟ್ಟು ನೋಡುತ್ತಾರೆ. ಹೆಚ್ಚು ಚುಕ್ಕೆಗಳು ಅಸಾಧ್ಯವಾದ ಜಾಗದಲ್ಲಿ ಬಿದ್ದರೆ, ಆ ರಚನೆಯನ್ನು ಮತ್ತೆ ಪರೀಕ್ಷಿಸಬೇಕೆಂದೇ ಅರ್ಥ.

ನಿಮ್ಮ ಲೆಕ್ಕ ತಪ್ಪಿದೆ ಎಂದು ಯಾರಾದರೂ ಹೇಳಿದರೆ ನೀವೂ ಮುನಿಸಿಕೊಳ್ಳಬೇಡಿ. ಮತ್ತೊಮ್ಮೆ ಅಳೆದು ನೋಡಿ!