ಸರಿಯಾದ ಸಭೆಯನ್ನು ಅರಸಿದ ಬಿಲ್ ವಿಲ್ಸನ್

ರೋಗಿಯು ವೈದ್ಯನನ್ನು ಅರಸಿಕೊಂಡು ಹೋಗುವುದು ಲೋಕರೂಢಿ. ಆದರೆ ಒಬ್ಬ ರೋಗಿಯು ತನ್ನ ಪ್ರಾಣವನ್ನು ಉಳಿಸಿಕೊಳ್ಳುವ ಸಲುವಾಗಿ ಇನ್ನೊಬ್ಬ ರೋಗಿಯನ್ನೇ ಅರಸಿ ಹೊರಟ ಅಪೂರ್ವ ಸಂಗತಿಯು 1935ರಲ್ಲಿ ಅಮೆರಿಕದ ಓಹಾಯೋ ಸಂಸ್ಥಾನದ ಏಕ್ರನ್ ನಗರದಲ್ಲಿ ನಡೆಯಿತು. ಹಾಗೆ ಹೊರಟವರೇ ವಿಲಿಯಂ ಗ್ರಿಫಿತ್ ವಿಲ್ಸನ್. ಜಗತ್ತು ಅವರನ್ನು ಬಿಲ್ ಎಂದೇ ಬಲ್ಲುದು.

ವಿಲ್ಸನ್ನರು 1895ರ ನವೆಂಬರ್ 26ರಂದು ವರ್ಮಾಂಟ್ ಸಂಸ್ಥಾನದ ಈಸ್ಟ್ ಡಾರ್ಸೆಟ್ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ತಂದೆತಾಯಿಗಳು ಬೇರ್ಪಟ್ಟುದರಿಂದ ತಾಯಿಯ ತವರಿನಲ್ಲಿ ಅಜ್ಜ ಅಜ್ಜಿಯರ ಆಶ್ರಯದಲ್ಲಿ ಬೆಳೆದರು. 1918ರ ಜನವರಿ 24ರಂದು ಲೋಯಿಸ್ ಬರ್ನ್‌ಹಂ ಎಂಬಾಕೆಯ ಕೈಹಿಡಿದು, ಮೊದಲನೆಯ ಮಹಾಯುದ್ಧದಲ್ಲಿ ಸೇನಾಧಿಕಾರಿಯಾಗಿ ಫ್ರಾನ್ಸಿಗೆ ಹೋಗಿಬಂದರು. ಸೇನೆಯಲ್ಲಿದ್ದಾಗಲೇ ಮದ್ಯದ ಪರಿಚಯವಾಗಿತ್ತು. ಅಲ್ಲಿಯ ತನಕ ನಾಚಿಕೆಯ ಸ್ವಭಾವದವರಾಗಿದ್ದ ಆ ತರುಣನಿಗೆ ಅದು ಮಿತ್ರನಂತೆ ಕಂಡಿತು. ಮುಂದೆ ನ್ಯೂಯಾರ್ಕಿನ ಶೇರು ಪೇಟೆಯಲ್ಲಿ ಸಂಪಾದಿಸಿದುದೆಲ್ಲವೂ 1929ರ ಕುಸಿತದಲ್ಲಿ ಹೋಯಿತು. ಮಿತ್ರನೆಂದುಕೊಂಡಿದ್ದ ಮದ್ಯವು ಯಜಮಾನನಾಗಿ ನಿಂತಿತು. ಲೋಯಿಸಮ್ಮನವರು ಅಂಗಡಿಯೊಂದರಲ್ಲಿ ದುಡಿದು ಮನೆಯನ್ನು ನಡೆಸಬೇಕಾಯಿತು.

ನ್ಯೂಯಾರ್ಕಿನ ಟೌನ್ಸ್ ಆಸ್ಪತ್ರೆಯಲ್ಲಿ ಡಾಕ್ಟರ್ ಸಿಲ್ಕ್‌ವರ್ತ್ ಎಂಬ ವೈದ್ಯರು, ಕುಡಿತವು ಬರಿಯ ದುರ್ನಡತೆಯಲ್ಲ, ಅದು ಮನಸ್ಸನ್ನೂ ದೇಹವನ್ನೂ ಹಿಡಿದ ವ್ಯಾಧಿ ಎಂಬುದನ್ನು ಅವರಿಗೆ ತಿಳಿಸಿಕೊಟ್ಟರು. ಆದರೂ ಬಿಡುಗಡೆಯಾಗಲಿಲ್ಲ. 1934ರ ನವೆಂಬರಿನಲ್ಲಿ ಕುಡಿತದ ಹಳೆಯ ಸಂಗಾತಿಯೊಬ್ಬನು ಮನೆಗೆ ಬಂದು, ನೀಡಿದ ಮದ್ಯವನ್ನು ಮುಟ್ಟದೆ ಕುಳಿತನು. ಆಕ್ಸ್‌ಫರ್ಡ್ ಗ್ರೂಪ್ ಎಂಬ ಧಾರ್ಮಿಕ ಬಳಗದ ಸಹವಾಸದಿಂದ ಅವನು ಸುಧಾರಿಸಿದ್ದನು. ಮಾರನೆಯ ತಿಂಗಳು ವಿಲ್ಸನ್ನರು ಕೊನೆಯ ಬಾರಿಗೆ ಆಸ್ಪತ್ರೆಯನ್ನು ಸೇರಿದರು. ಅಲ್ಲಿ ಅವರಿಗೆ ಗಾಢವಾದ ಆತ್ಮಾನುಭವವಾಯಿತು. ಮತ್ತೆಂದೂ ಅವರು ಕುಡಿಯಲಿಲ್ಲ.

ಹೊಸ ಉತ್ಸಾಹದಲ್ಲಿ ಅವರು ಕಂಡ ಕಂಡ ಕುಡುಕರಿಗೆಲ್ಲ ಉಪದೇಶ ಮಾಡಿದರು. ಸುಮಾರು ಆರು ತಿಂಗಳಲ್ಲಿ ಒಬ್ಬನೂ ಉಳಿಯಲಿಲ್ಲ. ಉಪದೇಶವನ್ನು ಬಿಟ್ಟು ಮೊದಲು ವ್ಯಾಧಿಯ ಸ್ವರೂಪವನ್ನು ತಿಳಿಸಬೇಕೆಂದು ಸಿಲ್ಕ್‌ವರ್ತರು ಎಚ್ಚರಿಸಿದರು. ಈ ಯತ್ನದಿಂದ ಉಳಿದವರು ಒಬ್ಬರಿದ್ದಾರೆ, ಅದು ಪತಿಯೇ, ಎಂಬುದನ್ನು ಲೋಯಿಸಮ್ಮನವರು ನೆನಪಿಗೆ ತಂದರು.

1935ರ ಮೇ ತಿಂಗಳಲ್ಲಿ ವ್ಯವಹಾರಕ್ಕೆಂದು ಏಕ್ರನ್ನಿಗೆ ಹೋದ ವಿಲ್ಸನ್ನರಿಗೆ ಅಲ್ಲಿಯೂ ಸೋಲೇ ಎದುರಾಯಿತು. ಮೇಫ್ಲವರ್ ಹೋಟೆಲಿನ ಹಜಾರದಲ್ಲಿ ಅವರು ಒಬ್ಬಂಟಿಯಾಗಿ ನಿಂತಿದ್ದರು. ಒಂದು ಕಡೆ ನಗೆಮಾತು ಕೇಳಿಬರುತ್ತಿದ್ದ ಮದ್ಯದ ಕೋಣೆ. ಇನ್ನೊಂದು ಕಡೆ ಟೆಲಿಫೋನು, ಊರಿನ ಇಗರ್ಜಿಗಳ ಪಟ್ಟಿ. ಹೋಟೆಲು ನಡೆಸಿದವರಿಗೆ ಈ ದೃಶ್ಯವು ಹೊಸದಲ್ಲ. ಇಂತಹ ಹಜಾರದಲ್ಲಿ ಎಷ್ಟೋ ಮಂದಿಯ ಬದುಕು ಆ ಕಡೆಗೋ ಈ ಕಡೆಗೋ ವಾಲಿಬಿಡುತ್ತದೆ. ವಿಲ್ಸನ್ನರು ಟೆಲಿಫೋನನ್ನು ಎತ್ತಿಕೊಂಡರು. ತಮ್ಮಂತೆಯೇ ನರಳುತ್ತಿರುವ ಕುಡುಕನೊಬ್ಬನೊಡನೆ ಮಾತನಾಡಿದರೆ ತಾವು ಉಳಿದೇವೆಂದು ಅವರಿಗೆ ತೋರಿತ್ತು. ಹಲವು ಕರೆಗಳ ಬಳಿಕ ಹೆನ್ರಿಯೆಟಾ ಸೈಬರ್ಲಿಂಗ್ ಎಂಬ ಮಹಿಳೆಯ ಮೂಲಕ ಡಾಕ್ಟರ್ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರ ಭೇಟಿಯು ಗೊತ್ತಾಯಿತು.

ಸ್ಮಿತ್ತರು ಎರಡು ವರ್ಷಕ್ಕೂ ಮಿಕ್ಕಿ ಆಕ್ಸ್‌ಫರ್ಡ್ ಗ್ರೂಪಿನ ಸಭೆಗಳಿಗೆ ಹೋಗುತ್ತಲೇ ಕುಡಿಯುತ್ತಲೂ ಇದ್ದವರು. ಹದಿನೈದು ನಿಮಿಷದಲ್ಲಿ ಎದ್ದುಬಿಡಬೇಕೆಂದು ಮನಸ್ಸಿಲ್ಲದ ಮನಸ್ಸಿನಿಂದ ಮೇ 12ರ ಸಂಜೆ ಬಂದವರು, ರಾತ್ರಿ ಹನ್ನೊಂದು ದಾಟುವ ತನಕ ಕುಳಿತರು. ಬಂದವನು ಉಪದೇಶಿಸಲಿಲ್ಲ, ತನ್ನ ಪಾಡನ್ನು ಹೇಳಿಕೊಂಡನು. ಮುಂದೆ ಒಮ್ಮೆ ಜಾರಿದರೂ, ಜೂನ್ 10ರ ತರುವಾಯ ಸ್ಮಿತ್ತರು ಎಂದೂ ಕುಡಿಯಲಿಲ್ಲ. ಆ ದಿನವನ್ನೇ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘದ ಜನ್ಮದಿನವೆಂದು ಎಣಿಸುವರು.

ಆಕ್ಸ್‌ಫರ್ಡ್ ಗ್ರೂಪಿನ ಕಟ್ಟುನಿಟ್ಟು ಕುಡುಕರಿಗೆ ಹೊಂದದೆ, 1937ರಲ್ಲಿ ನ್ಯೂಯಾರ್ಕಿನವರು ಬೇರೆಯಾದರು. 1939ರಲ್ಲಿ ಸಂಘದ ಗ್ರಂಥವು ಪ್ರಕಟವಾದಾಗ ಸದಸ್ಯರು ಸುಮಾರು 100 ಮಂದಿ. 1941ರಲ್ಲಿ ಪತ್ರಿಕೆಯೊಂದರ ಲೇಖನದಿಂದ ಆ ವರ್ಷದೊಳಗೇ 2,000ದಷ್ಟಿದ್ದ ಸಂಖ್ಯೆಯು 8,000ಕ್ಕೆ ಏರಿತು. ಕುಡಿತವನ್ನು ಬಿಡಬೇಕೆಂಬ ಇಚ್ಛೆಯ ಹೊರತು ಸದಸ್ಯತ್ವಕ್ಕೆ ಬೇರೆ ಅರ್ಹತೆ ಬೇಕಿಲ್ಲ, ಶುಲ್ಕವೂ ಇಲ್ಲ. ಕುಟುಂಬದವರಿಗಾಗಿ ಲೋಯಿಸಮ್ಮನವರು 1951ರಲ್ಲಿ ಅಲ್-ಅನಾನ್ ಬಳಗವನ್ನು ಕಟ್ಟಿದರು.

ವಿಲ್ಸನ್ನರು ನಿರ್ದೋಷಿಗಳಾದ ಮಹಾತ್ಮರಲ್ಲ. ವರ್ಷಗಟ್ಟಲೆ ಖಿನ್ನತೆಯಿಂದ ನರಳಿದರು. ಧೂಮಪಾನವು ಅವರ ಶ್ವಾಸಕೋಶವನ್ನು ಕೆಡಿಸಿತು. ಆದರೆ ಯೇಲ್ ವಿಶ್ವವಿದ್ಯಾಲಯವು ಕೊಡಲು ಬಂದ ಗೌರವ ಪದವಿಯನ್ನು, ಅನಾಮಿಕತೆಯ ನಿಯಮಕ್ಕೆ ಭಂಗ ಬರಬಾರದೆಂದು ಒಲ್ಲೆನೆಂದರು. 1955ರಲ್ಲಿ ಸಂಘದ ಹೊಣೆಯನ್ನು ಸದಸ್ಯರಿಗೇ ಒಪ್ಪಿಸಿದರು. 1971ರ ಜನವರಿ 24ರಂದು, ಮದುವೆಯಾಗಿ ಸರಿಯಾಗಿ 53 ವರ್ಷ ತುಂಬಿದ ದಿನವೇ, ತೀರಿಕೊಂಡರು.

ಇಂದು ಭಾರತದ ದೊಡ್ಡ ನಗರಗಳಲ್ಲಿಯೂ ಈ ಸಂಘದ ಸಭೆಗಳು ನಡೆಯುತ್ತಿವೆ. ಊರು ಬಿಟ್ಟು ಬಂದು, ಒಂಟಿ ಕೋಣೆಯಲ್ಲಿ ಬಾಟಲಿಯನ್ನೇ ಬಂಧುವೆಂದು ನಂಬಿದ ನಮ್ಮವರೂ ಇದ್ದಾರೆ. ಬಹುಕಾಲ ಕುಡಿದವರು ಒಮ್ಮೆಗೇ ಬಿಟ್ಟರೆ ಅಪಾಯವುಂಟು. ಮೊದಲು ವೈದ್ಯರನ್ನು ಕಾಣಬೇಕು. ಬಳಿಕ ಸಭೆಯನ್ನು ಹುಡುಕಬೇಕು. ಎಲ್ಲರಿಗೂ ತೆರೆದ ಸಭೆಗಳೂ ಉಂಟು, ವ್ಯಸನಿಗಳಿಗೆ ಮಾತ್ರ ಮೀಸಲಾದವೂ ಉಂಟು; ಭಾಷೆಯೂ ರೀತಿಯೂ ಒಂದೊಂದರಲ್ಲಿ ಬೇರೆ. ಮೊದಲ ಸಭೆಯು ಮನಸ್ಸಿಗೆ ಹಿಡಿಸದಿದ್ದರೆ ದಾರಿಯೇ ಮುಚ್ಚಿತೆಂದು ತಿಳಿಯಲಾಗದು. ಸ್ಮಿತ್ತರಿಗೆ ಎರಡು ವರ್ಷದ ಸಭೆಗಳು ಕೊಡದುದನ್ನು ಕೊಟ್ಟದ್ದು ಇಬ್ಬರೇ ಕುಳಿತ ಒಂದು ಸಂಜೆ. ಯಾರ ಪಾಡನ್ನು ಕೇಳುವಾಗ ತನ್ನದೇ ಪಾಡು ಕೇಳಿದಂತಾಗುವುದೋ, ಅಲ್ಲಿಯೇ ಕುಳಿತುಕೊಳ್ಳಬೇಕು.