ಬರಿಗೈಲಿ ಬದರಿಗೆ ಹೋಗಿ ಬಂದ ಶ್ರೀ ಮಧ್ವಾಚಾರ್ಯರು

ಭಕ್ತಾದಿಗಳೇ, ಗುಡ್ಡ ಹತ್ತಿ ಬಂದು ದರ್ಶನ ಮಾಡಿಕೊಂಡು, ನೆರಳಲ್ಲಿ ಕೂತು ಈ ಪುಸ್ತಕ ಓದುತ್ತಿದ್ದೀರಿ. ಕಚೇರಿಯ ಕಿಟಕಿಯಲ್ಲಿ ಕೂತು ರಸೀದಿ ಹರಿಯುವ ನನ್ನನ್ನು ಜನ ಒಂದು ಮಾತು ಕೇಳುತ್ತಲೇ ಇರುತ್ತಾರೆ. ಕಾಶಿಗೆ ಹೋಗಬೇಕು, ಬದರಿಗೆ ಹೋಗಬೇಕು, ಎಷ್ಟು ದುಡ್ಡು ಬೇಕಾಗುತ್ತೆ ಸಾರ್ ಅಂತ. ಅಂಥವರಿಗಾಗಿ ಸುಮಾರು 750 ವರ್ಷದ ಹಿಂದೆ ಒಂದು ಕಾಸೂ ಇಲ್ಲದೆ ಎರಡು ಸಲ ಬದರಿಗೆ ನಡೆದು ಹೋಗಿ ಬಂದ ನಮ್ಮ ನಾಡಿನ ಮಹಾಪುರುಷರ ಚರಿತ್ರೆಯನ್ನು ಇಲ್ಲಿ ಬರೆದಿದ್ದೇನೆ.

ಮಧ್ವಾಚಾರ್ಯರು ಹುಟ್ಟಿದ್ದು ಉಡುಪಿ ಹತ್ತಿರದ ಪಾಜಕ ಎಂಬ ಪುಟ್ಟ ಹಳ್ಳಿಯಲ್ಲಿ. ತಂದೆ ಮಧ್ಯಗೇಹ ಭಟ್ಟರು, ತಾಯಿ ವೇದವತಿ. ಹುಟ್ಟಿದ ವರ್ಷ 1238 ಎಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಮನೆಯಲ್ಲಿ ಇಟ್ಟ ಹೆಸರು ವಾಸುದೇವ. ಚಿಕ್ಕ ವಯಸ್ಸಿನಲ್ಲೇ ಸನ್ಯಾಸಿಯಾಗುತ್ತೇನೆ ಎಂದು ಹಟ ಹಿಡಿದಾಗ ತಂದೆ ತಾಯಿಗೆ ದಿಕ್ಕೇ ತೋಚಲಿಲ್ಲ. ವಯಸ್ಸಾದ ಕಾಲಕ್ಕೆ ನಮ್ಮನ್ನು ನೋಡುವವರು ಯಾರು ಎಂಬ ಚಿಂತೆ ಅವರದು. ಅದು ನ್ಯಾಯವಾದ ಚಿಂತೆಯೇ. ವಾಸುದೇವ ಅವರನ್ನು ನೋಯಿಸಿ ಓಡಿಹೋಗಲಿಲ್ಲ. ಮನೆಗೆ ಇನ್ನೊಬ್ಬ ಮಗ ಹುಟ್ಟುವ ತನಕ ಕಾದು, ಆಮೇಲೆ ಅಚ್ಯುತಪ್ರೇಕ್ಷರಿಂದ ಸನ್ಯಾಸ ತೆಗೆದುಕೊಂಡರು. ಪೂರ್ಣಪ್ರಜ್ಞ, ಆನಂದತೀರ್ಥ ಎಂಬವು ಅವರ ಆಶ್ರಮದ ಹೆಸರುಗಳು.

ಮೊದಲು ಅವರು ದಕ್ಷಿಣದ ಕಡೆ ಹೊರಟರು. ಅನಂತಶಯನ, ಕನ್ಯಾಕುಮಾರಿ, ರಾಮೇಶ್ವರ, ಶ್ರೀರಂಗ ಎಲ್ಲಾ ನೋಡಿಕೊಂಡು ಬಂದರು. ಆದರೆ ಮನಸ್ಸೆಲ್ಲಾ ಬದರಿಯ ಮೇಲೆ. ಅಲ್ಲಿ ವೇದವ್ಯಾಸರು ಇದ್ದಾರೆ, ಅವರ ಪಾದದಲ್ಲಿ ತಾವು ಬರೆದ ಗೀತಾಭಾಷ್ಯ ಒಪ್ಪಿಸಬೇಕು ಎಂಬುದೊಂದೇ ಹಂಬಲ.

ಆಗಿನ ಕಾಲದಲ್ಲಿ ಬದರಿ ಅಂದರೆ ಪರದೇಶವೇ ಸರಿ. ಉಡುಪಿ ಸೀಮೆ ಆಳುಪರದು. ಘಟ್ಟ ಹತ್ತಿದರೆ ಹೊಯ್ಸಳರ ರಾಜ್ಯ, ಅದರಾಚೆ ದೇವಗಿರಿಯ ಸೇವುಣರದು, ಇನ್ನೂ ಉತ್ತರಕ್ಕೆ ಹೋದರೆ ದೆಹಲಿ ಸುಲ್ತಾನರದು. ಗಡಿ ದಾಟಿದಂತೆಲ್ಲಾ ಭಾಷೆ ಬೇರೆ, ನಾಣ್ಯ ಬೇರೆ, ಕಾವಲಿನವರು ಬೇರೆ. ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚಿನ ದಾರಿ. ಕೊನೆಗೆ ಸಮುದ್ರಮಟ್ಟಕ್ಕಿಂತ ಹತ್ತು ಸಾವಿರ ಅಡಿಗೂ ಮೇಲೆ ಹಿಮದ ಬೆಟ್ಟ. ಕೈಯಲ್ಲಿ ಇದ್ದದ್ದು ದಂಡ, ಕಮಂಡಲ, ಉಟ್ಟ ಕಾವಿ, ತಾಳೆಗರಿ ಗ್ರಂಥ, ಅಷ್ಟೇ.

ಹಾಗಾದರೆ ಊಟ ಹೇಗೆ ಎಂದು ನೀವು ಕೇಳಬಹುದು. ಸನ್ಯಾಸಿಗೆ ಭಿಕ್ಷೆಯೇ ಊಟ. ದಾರಿಯಲ್ಲಿ ಅಗ್ರಹಾರ, ಮಠ, ಛತ್ರಗಳಿದ್ದವು. ಗುಡಿಗಳಿಗೆ ಬಂದು ಹೋಗುವ ತಪೋಧನರ ಅನ್ನಕ್ಕೆಂದು ಭೂಮಿ ಬಿಟ್ಟ ಲೆಕ್ಕ ಆ ಕಾಲದ ಶಾಸನಗಳಲ್ಲಿ ಎಷ್ಟೋ ಕಡೆ ಸಿಗುತ್ತದೆ. ನಮ್ಮ ಹರಪನಹಳ್ಳಿ ಹತ್ತಿರದ ಬಾಗಳಿ ಕಲ್ಲೇಶ್ವರ ಗುಡಿಯನ್ನು ನೋಡಿರಿ. ಆಚಾರ್ಯರು ಬದರಿಗೆ ಹೊರಡುವ ಹೊತ್ತಿಗೆ ಅದನ್ನು ಕಟ್ಟಿ ಇನ್ನೂರು ವರ್ಷ ಮೀರಿತ್ತು. ಅಂಥ ಗುಡಿಗಳ ಜಗಲಿಯೇ ಯಾತ್ರಿಕನಿಗೆ ಮನೆ. ದಾನ ಕೊಟ್ಟವರು ಯಾರೋ, ಉಂಡವರು ಯಾರೋ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ದೇ ಇಲ್ಲ.

ಬದರಿಗೆ ತಲುಪಿದ ಮೇಲೆ ಆಚಾರ್ಯರು 48 ದಿನ ಉಪವಾಸವಿದ್ದು ಮೌನವ್ರತ ಹಿಡಿದರು. ಬೆಳಗಿನ ಜಾವ ಮಂಜಿನಂಥ ನೀರಿನಲ್ಲಿ ಸ್ನಾನ. ಆಮೇಲೆ ಶಿಷ್ಯರಿಗೆ ಬರಹದಲ್ಲೇ ವಿಷಯ ತಿಳಿಸಿ, ವ್ಯಾಸರ ಆಶ್ರಮಕ್ಕೆ ಒಬ್ಬರೇ ಹೊರಟುಬಿಟ್ಟರು. ತಿರುಗಿ ಬರುತ್ತಾರೋ ಇಲ್ಲವೋ ಎಂಬ ಭಯದಿಂದ ಸತ್ಯತೀರ್ಥರೆಂಬ ಶಿಷ್ಯರು ಹಿಂದೆಯೇ ಓಡಿದರು. ಗುರುಗಳು ಕೈಸನ್ನೆ ಮಾಡಿ ಅವರನ್ನು ಹಿಂದಕ್ಕೆ ಕಳಿಸಿದರು. ವ್ಯಾಸರ ದರ್ಶನ ಪಡೆದು ಮರಳಿ ಬಂದು ಬ್ರಹ್ಮಸೂತ್ರ ಭಾಷ್ಯ ಹೇಳಿದರು. ಅದನ್ನು ಬರೆದುಕೊಂಡವರು ಅದೇ ಸತ್ಯತೀರ್ಥರು. ವಾಪಸು ಬರುವಾಗ ಗೋದಾವರಿ ತೀರದಲ್ಲಿ ಶೋಭನ ಭಟ್ಟರೆಂಬ ದೊಡ್ಡ ಪಂಡಿತರು ಶಿಷ್ಯರಾದರು. ಅವರೇ ಪದ್ಮನಾಭ ತೀರ್ಥರು. ಅವರ ವೃಂದಾವನ ಆನೆಗೊಂದಿ ಹತ್ತಿರ ತುಂಗಭದ್ರೆಯ ನಡುಗಡ್ಡೆ ನವವೃಂದಾವನದಲ್ಲಿದೆ. ನಮ್ಮ ಕಡೆಯವರು ಒಂದೇ ದಿನದಲ್ಲಿ ನೋಡಿ ಬರಬಹುದು.

ಊರಿಗೆ ಬಂದು ಉಡುಪಿಯಲ್ಲಿ ಕೃಷ್ಣನನ್ನು ಪ್ರತಿಷ್ಠೆ ಮಾಡಿದ ಮೇಲೆ ಆಚಾರ್ಯರು ಎರಡನೇ ಸಲ ಬದರಿಗೆ ಹೊರಟರು. ಈ ಸಲ ದಾರಿಯಲ್ಲಿ ಬಂದ ಕಷ್ಟಗಳನ್ನು ನಾರಾಯಣ ಪಂಡಿತಾಚಾರ್ಯರು ಸುಮಧ್ವವಿಜಯ ಎಂಬ ಗ್ರಂಥದಲ್ಲಿ ಹೇಳಿದ್ದಾರೆ.

ಮೊದಲನೆಯದು ಈಶ್ವರದೇವನೆಂಬ ರಾಜನ ಕಾಟ. ಈತ ಸೇವುಣರ ಮಹಾದೇವ ರಾಜ ಎಂದು ವಿದ್ವಾಂಸರು ಗುರುತಿಸುತ್ತಾರೆ. ಅವನ ಆಳ್ವಿಕೆ 1260ರಿಂದ 1271ರವರೆಗೆ. ಆತ ಕೆರೆ ತೋಡಿಸುತ್ತಿದ್ದ, ದಾರಿಹೋಕರನ್ನೆಲ್ಲಾ ಹಿಡಿದು ಬಿಟ್ಟಿ ಮಣ್ಣು ಅಗೆಸುತ್ತಿದ್ದ. ಆಚಾರ್ಯರಿಗೂ ಅಗೆಯಲು ಹೇಳಿದ. ಅವರು ಸಿಟ್ಟಾಗಲಿಲ್ಲ. ಹೇಗೆ ಅಗೆಯಬೇಕು ಎಂದು ನಮಗೆ ಗೊತ್ತಿಲ್ಲ, ನೀವೇ ಸ್ವಲ್ಪ ತೋರಿಸಿಕೊಡಿ ಎಂದರು. ರಾಜ ಅಗೆಯಲು ಶುರು ಮಾಡಿದವನು ನಿಲ್ಲಿಸಲೇ ಇಲ್ಲ. ಅವನು ಅಗೆಯುತ್ತಿದ್ದಂತೆ ಇವರು ಮುಂದಕ್ಕೆ ಹೊರಟುಹೋದರು.

ಎರಡನೆಯದು ಗಂಗೆ. ಎರಡೂ ದಡದ ರಾಜರಿಗೆ ಹಗೆ ಇದ್ದುದರಿಂದ ದೋಣಿಗಳು ನಿಂತುಹೋಗಿದ್ದವು. ಆಚಾರ್ಯರು ಮುಂದೆ, ಶಿಷ್ಯರು ಒಬ್ಬರನ್ನೊಬ್ಬರು ಹಿಡಿದುಕೊಂಡು ಹಿಂದೆ, ಹೀಗೆ ಹೊಳೆ ದಾಟಿಬಿಟ್ಟರು. ಆಚೆ ದಡದಲ್ಲಿ ತುರುಕ ರಾಜನ ಸೈನಿಕರು ಕತ್ತಿ ಹಿಡಿದು ಮೈಮೇಲೆ ಬಂದರು. ಇಷ್ಟೊಂದು ಜನ ನೀವಿದ್ದು ನಾಲ್ಕು ಜನ ಸನ್ಯಾಸಿಗಳಿಗೆ ಯಾಕೆ ಹೆದರುತ್ತೀರಿ, ನಾವು ನಿಮ್ಮ ರಾಜನನ್ನೇ ನೋಡಬೇಕು ಎಂದು ಆಚಾರ್ಯರು ಸಮಾಧಾನವಾಗಿ ಹೇಳಿದರು. ರಾಜನ ಹತ್ತಿರ ಅವನದೇ ಭಾಷೆಯಲ್ಲಿ ಮಾತಾಡಿದರು. ಎಲ್ಲರನ್ನೂ ಕಾಯುವ ಒಬ್ಬ ದೇವರನ್ನು ನಂಬಿ ಹೋಗುತ್ತಿದ್ದೇವೆ ಎಂಬುದು ಅವರ ಮಾತಿನ ಸಾರ. ರಾಜ ಸಂತೋಷಪಟ್ಟು ಅರ್ಧ ರಾಜ್ಯವನ್ನೇ ಕೊಡಲು ಬಂದ ಎಂದು ಗ್ರಂಥ ಹೇಳುತ್ತದೆ. ಆಚಾರ್ಯರು ಅದನ್ನು ಮುಟ್ಟದೆ ಬರಿಗೈಲೇ ಮುಂದೆ ನಡೆದರು.

ಮೂರನೆಯದು ಕಳ್ಳರು. ಒಂದು ಕಡೆ ಆಚಾರ್ಯರು ಬಟ್ಟೆಯನ್ನು ಹಣದ ಗಂಟಿನ ಹಾಗೆ ಕಟ್ಟಿ ತೋರಿಸಿದರು. ಕಳ್ಳರು ಆ ಗಂಟಿಗಾಗಿ ತಮ್ಮತಮ್ಮಲ್ಲೇ ಹೊಡೆದಾಡಿಕೊಂಡರು. ಇನ್ನೊಂದು ಕಡೆ ಉಪೇಂದ್ರ ತೀರ್ಥರೆಂಬ ಶಿಷ್ಯರು ಕಳ್ಳರದೇ ಕೊಡಲಿ ಕಸಿದು ನೂರು ಜನರನ್ನು ಓಡಿಸಿದರು. ಇವರೇ ಉಡುಪಿಯ ಪುತ್ತಿಗೆ ಮಠದ ಮೂಲ ಯತಿಗಳು.

ಇಲ್ಲಿ ಭಕ್ತಾದಿಗಳು ಒಂದು ವಿಷಯ ಗಮನಿಸಬೇಕು. ದೇವರಿದ್ದಾನೆ ಎಂದು ಆಚಾರ್ಯರು ಕಣ್ಣು ಮುಚ್ಚಿ ಕೂರಲಿಲ್ಲ. ಹೋಗುವ ಊರಿನ ಮಾತು ಬಲ್ಲವರಾಗಿದ್ದರು, ಅಧಿಕಾರಿಯ ಮುಂದೆ ಹೆದರದೆ ನಿಂತರು, ಜೊತೆಯವರ ಕೈ ಬಿಡಲಿಲ್ಲ. ಕಳ್ಳ ಬಂದಾಗ ಬುದ್ಧಿ ಓಡಿಸಿದರು. ನಂಬಿಕೆ ಅಂದರೆ ಇದು.

ಮುಂದೆ ಅವರು ಹಸ್ತಿನಾಪುರದಲ್ಲಿ ಚಾತುರ್ಮಾಸ್ಯ ಮಾಡಿ, ಕಾಶಿ, ಕುರುಕ್ಷೇತ್ರ ಕಂಡು ಊರಿಗೆ ಮರಳಿದರು. ಒಟ್ಟು 37 ಗ್ರಂಥ ಬರೆದರು. ಕೃಷ್ಣನ ಪೂಜೆಗೆ ಎಂಟು ಜನ ಯತಿಗಳನ್ನು ನೇಮಿಸಿದರು. ಅದೇ ಇಂದಿನ ಅಷ್ಟಮಠ. 1317ರ ಮಾಘ ಶುದ್ಧ ನವಮಿಯಂದು ಉಡುಪಿಯ ಅನಂತೇಶ್ವರ ಗುಡಿಯಲ್ಲಿ ಪಾಠ ಹೇಳುತ್ತಿರುವಾಗ ಅದೃಶ್ಯರಾದರು, ಮೂರನೇ ಸಲ ಬದರಿಗೇ ಹೋದರು ಎಂಬುದು ಭಕ್ತರ ನಂಬಿಕೆ. ಆ ದಿನವನ್ನು ಈಗಲೂ ಮಧ್ವನವಮಿ ಎಂದು ಆಚರಿಸುತ್ತಾರೆ.

ನನ್ನ ಮನೆಯ ಒಂದು ಮಾತು ಹೇಳಿ ಮುಗಿಸುತ್ತೇನೆ. ನಮ್ಮವ್ವನಿಗೆ ಕಾಶಿ ನೋಡಬೇಕೆಂಬ ಆಸೆ ಬಹಳ ಇತ್ತು. ನಾನು ಮುಂದಿನ ವರ್ಷ ದುಡ್ಡು ಕೂಡಲಿ, ಆಮೇಲೆ ಹೋಗೋಣ ಬೇ ಅಂತ ಹೇಳುತ್ತಾ ಹತ್ತು ವರ್ಷ ಕಳೆದೆ. ದುಡ್ಡು ಕೂಡುವಷ್ಟರಲ್ಲಿ ಅವ್ವನ ಮೊಣಕಾಲು ಹೋದವು, ಆಮೇಲೆ ಅವ್ವನೇ ಹೋದಳು. ಸಾಲ ಮಾಡಿ ಯಾತ್ರೆ ಮಾಡಿರಿ ಎಂದು ನಾನು ಹೇಳುವುದಿಲ್ಲ. ಇದ್ದಷ್ಟರಲ್ಲೇ ಹೊರಡಿರಿ. ಈಗ ಬದರಿ ಗುಡಿಯ ಹತ್ತಿರದವರೆಗೂ ಬಸ್ಸು ಹೋಗುತ್ತದೆ, ರೈಲಿನಲ್ಲಿ ಸಾಧಾರಣ ಬೋಗಿ ಇದೆ, ಛತ್ರಗಳಿವೆ, ಅನ್ನದಾನವಿದೆ. ಮನೆಯ ಹಿರಿಯರ ಕಾಲಲ್ಲಿ ಶಕ್ತಿ ಇರುವಾಗಲೇ ಕೈ ಹಿಡಿದು ಕರೆದುಕೊಂಡು ಹೋಗಿರಿ. ಬರುವಾಗ ದಾರಿಯಲ್ಲಿ ಹಸಿದವರು ಸಿಕ್ಕರೆ ಒಂದು ತುತ್ತು ಕೊಡಿರಿ.

ಗುಡ್ಡ ಇಳಿಯುವಾಗ ಮೆಟ್ಟಿಲು ನೋಡಿಕೊಂಡು ನಿಧಾನವಾಗಿ ಇಳಿಯಿರಿ. ಎಲ್ಲರಿಗೂ ಶುಭವಾಗಲಿ.