ಕಾಣದ ಹಿಮಖಂಡಕ್ಕೆ ಹೊರಟವನು

ಸಂದರ್ಶನ ಮುಗಿಸಿ ಬಂದು ಉತ್ತರಕ್ಕಾಗಿ ಕಾಯುವುದು ಎಂದರೇನು ಎಂದು ನಮ್ಮ ಓರಗೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಾನು ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ ಎರಡು ವರ್ಷವಾಯಿತು. ಕಳೆದ ವರ್ಷ ಒಂದು ಕಂಪನಿಯಿಂದ ಎರಡೇ ಸಾಲಿನ ವಿಷಾದದ ಮೇಲ್ ಬಂತು. ಅದಾದ ಮೇಲೆ ಮೂರು ತಿಂಗಳು ಎಲ್ಲಿಗೂ ಅರ್ಜಿ ಹಾಕಲಿಲ್ಲ. ಆ ದಿನಗಳಲ್ಲಿ ಹಾಸ್ಟೆಲ್ ಗೆಳೆಯನೊಬ್ಬ ಒಂದು ಹಳೆಯ ಇಂಗ್ಲಿಷ್ ಪುಸ್ತಕ ಕೊಟ್ಟ. ಅಂಟಾರ್ಕ್ಟಿಕಾಕ್ಕೆ ಹೋದ ವಿಜ್ಞಾನಿಗಳ ತಂಡದ ಭಯಾನಕ ಕಥೆ ಅದು. ಕಥೆ ಹೇಳುವವನು ಭೂವಿಜ್ಞಾನದ ಪ್ರೊಫೆಸರ್ ಎಂಬ ಕಾರಣಕ್ಕೇ ಓದಲು ಕೂತೆ. ಓದಿ ಮುಗಿಸುವಷ್ಟರಲ್ಲಿ ಕಥೆಯಷ್ಟೇ ಅದನ್ನು ಬರೆದವನ ಬದುಕೂ ನನ್ನನ್ನು ಹಿಡಿದುಕೊಂಡಿತ್ತು.

ಅವನ ಹೆಸರು ಹೊವರ್ಡ್ ಫಿಲಿಪ್ಸ್ ಲವ್‌ಕ್ರಾಫ್ಟ್. ಹುಟ್ಟಿದ್ದು 1890ರ ಆಗಸ್ಟ್ 20ರಂದು, ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ಎಂಬ ಊರಿನಲ್ಲಿ. ತಂದೆ ಊರೂರು ತಿರುಗುವ ಸೇಲ್ಸ್‌ಮನ್. ಮಗನಿಗೆ ಮೂರು ತುಂಬುವ ಮೊದಲೇ ಅವರಿಗೆ ಬುದ್ಧಿಭ್ರಮಣೆಯಾಗಿ ಆಸ್ಪತ್ರೆ ಸೇರಿದರು; ಐದು ವರ್ಷದ ನಂತರ ಅಲ್ಲಿಯೇ ತೀರಿಕೊಂಡರು. ಹುಡುಗ ಬೆಳೆದದ್ದು ತಾಯಿಯ ತವರಿನಲ್ಲಿ. ತಾತ ವಿಪಲ್ ಫಿಲಿಪ್ಸ್ ಒಳ್ಳೆಯ ವ್ಯಾಪಾರಸ್ಥರು. ಮನೆ ತುಂಬಾ ಪುಸ್ತಕ, ರಾತ್ರಿಯಾದರೆ ತಾತನ ಬಾಯಿಂದ ದೆವ್ವದ ಕಥೆ.

ಆದರೆ ಹುಡುಗನಿಗೆ ಕಥೆಗಾರನಾಗುವ ಆಸೆ ಇರಲಿಲ್ಲ. ವಿಜ್ಞಾನಿಯಾಗಬೇಕಿತ್ತು. ಮೊದಲು ರಸಾಯನಶಾಸ್ತ್ರದ ಹುಚ್ಚು. ಮನೆಯ ನೆಲಮಾಳಿಗೆಯೇ ಪ್ರಯೋಗಾಲಯ. ಹನ್ನೆರಡರ ಆಸುಪಾಸಿನಲ್ಲಿ ದಕ್ಷಿಣ ಧ್ರುವದ ಹುಚ್ಚು ಹಿಡಿಯಿತು. ಸ್ಕಾಟ್ ತಂಡ ಅಂಟಾರ್ಕ್ಟಿಕಾದಲ್ಲಿದ್ದ ಕಾಲ ಅದು. ಈ ಹುಡುಗ ಹಳೆಯ ನಾವಿಕರಾದ ರಾಸ್, ವಿಲ್ಕ್ಸ್ ಅವರ ಯಾನಗಳ ಬಗ್ಗೆ ತಾನೇ ಕಿರುಪುಸ್ತಕ ಬರೆದ, ಅಂಟಾರ್ಕ್ಟಿಕಾದ ಅಟ್ಲಾಸ್ ಕೂಡ ಮಾಡಿದ. ಆಮೇಲೆ ಖಗೋಳಶಾಸ್ತ್ರ. ಬ್ರೌನ್ ವಿಶ್ವವಿದ್ಯಾಲಯದ ಲ್ಯಾಡ್ ವೀಕ್ಷಣಾಲಯದ ಪ್ರೊಫೆಸರ್ ಅಪ್ಟನ್ ಮನೆಯವರಿಗೆ ಪರಿಚಿತರಾದ್ದರಿಂದ ಅಲ್ಲಿಗೆ ಹೋಗಿ ದೂರದರ್ಶಕದಲ್ಲಿ ನೋಡಲು ಅನುಮತಿ ಸಿಕ್ಕಿತು. ಹುಡುಗ ತನ್ನದೇ ಖಗೋಳ ಪತ್ರಿಕೆ ಮಾಡಿ, ಪ್ರತಿಗಳನ್ನು ತೆಗೆದು ನೆಂಟರಿಷ್ಟರಿಗೆ ಹಂಚುತ್ತಿದ್ದ. 1906ರಲ್ಲಿ, ಹದಿನಾರರ ವಯಸ್ಸಿನಲ್ಲಿ, ನೆಪ್ಚೂನ್‌ನಿಂದಾಚೆ ಇನ್ನೊಂದು ಗ್ರಹವಿರಬಹುದು, ವೀಕ್ಷಣಾಲಯಗಳು ಸೇರಿ ಹುಡುಕಬೇಕು ಎಂದು ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಗೆ ಬರೆದ. ಆ ಪತ್ರ ಅಚ್ಚಾಯಿತು. ಪ್ಲೂಟೊ ಸಿಕ್ಕಿದ್ದು ಅದಾಗಿ 24 ವರ್ಷಕ್ಕೆ.

ಇಂಥ ಹುಡುಗ ಹೈಸ್ಕೂಲನ್ನೇ ಮುಗಿಸಲಿಲ್ಲ ಎಂದರೆ ನಂಬುತ್ತೀರಾ?

1904ರಲ್ಲಿ ತಾತ ತೀರಿಕೊಂಡರು. ವ್ಯಾಪಾರ ಆಗಲೇ ಕುಸಿದಿತ್ತು. ಮನೆ ಮಾರಿ ತಾಯಿ ಮಗ ಸಣ್ಣ ಬಾಡಿಗೆ ಮನೆಗೆ ಹೋದರು. ಹದಿನಾಲ್ಕು ತುಂಬಿರದ ಹುಡುಗನಿಗೆ ಬದುಕೇ ಬೇಡ ಎನ್ನಿಸಿತ್ತು. ಆಗ ತನ್ನನ್ನು ತಡೆದದ್ದು ಕುತೂಹಲ ಎಂದು ಆತ ಮುಂದೆ ಪತ್ರವೊಂದರಲ್ಲಿ ನೆನೆದಿದ್ದಾನೆ. ಲೋಕದಲ್ಲಿ ತಾನಿನ್ನೂ ತಿಳಿಯದ ಜಾಗಗಳು, ತಿಳಿಯದ ಕಾಲಗಳು ಎಷ್ಟೊಂದಿವೆ. ಅವನ್ನು ತಿಳಿಯದೆ ಹೋಗುವುದಕ್ಕೆ ಮನಸ್ಸು ಒಪ್ಪಲಿಲ್ಲವಂತೆ. ಈ ಮಾತು ಓದಿದಾಗ ನಾನು ಪುಸ್ತಕ ಮಡಚಿಟ್ಟು ಸುಮ್ಮನೆ ಕೂತಿದ್ದೆ.

ಖಗೋಳ ವಿಜ್ಞಾನಿಯಾಗಲು ಗಣಿತ ಬೇಕು. ಬೀಜಗಣಿತ ಆತನಿಗೆ ಒಲಿಯಲಿಲ್ಲ. 1908ರಲ್ಲಿ ನರಗಳ ದೌರ್ಬಲ್ಯದಿಂದ ಕುಸಿದು ಶಾಲೆ ಬಿಟ್ಟ. ಬ್ರೌನ್ ವಿಶ್ವವಿದ್ಯಾಲಯ ಸೇರುವ ಕನಸು ಅಲ್ಲಿಗೆ ಮುಗಿಯಿತು. ಮುಂದಿನ ಐದು ವರ್ಷ ಬಹುಪಾಲು ಮನೆಯೊಳಗೇ ಉಳಿದ. ತನ್ನ ವಯಸ್ಸಿನವರೆಲ್ಲ ಡಿಗ್ರಿ ಮುಗಿಸಿ ಕೆಲಸಕ್ಕೆ ಹೋಗುವಾಗ ಮನೆಯಲ್ಲಿ ಕೂತಿರುವ ನಾಚಿಕೆ ನಮ್ಮ ಕಾಲದ್ದು ಮಾತ್ರ ಅಲ್ಲ.

1914ರಲ್ಲಿ ಹವ್ಯಾಸಿ ಪತ್ರಕರ್ತರ ಒಂದು ಸಂಘ ಆತನನ್ನು ಹೊರಗೆಳೆಯಿತು. ಸಣ್ಣ ಸಣ್ಣ ಪತ್ರಿಕೆಗಳನ್ನು ಸ್ವಂತ ಖರ್ಚಿನಲ್ಲಿ ಮಾಡಿ, ಒಬ್ಬರಿಗೊಬ್ಬರು ಅಂಚೆಯಲ್ಲಿ ಕಳಿಸುವವರ ಕೂಟ ಅದು. ಗೆಳೆಯರು ಸಿಕ್ಕರು. ಕಥೆ ಬರೆಯುವುದು ಮತ್ತೆ ಶುರುವಾಯಿತು. 1923ರಲ್ಲಿ ‘ವಿಯರ್ಡ್ ಟೇಲ್ಸ್’ ಎಂಬ ಮಾಸಪತ್ರಿಕೆ ಹುಟ್ಟಿ, ಆತನ ಕಥೆಗಳಿಗೆ ನೆಲೆ ಸಿಕ್ಕಿತು. ಮರುವರ್ಷ ಆ ಪತ್ರಿಕೆಯ ಸಂಪಾದಕ ಹುದ್ದೆಯ ಮಾತೂ ಬಂತು. ಆದರೆ ಅದಕ್ಕೆ ಶಿಕಾಗೊಗೆ ಹೋಗಬೇಕಿತ್ತು. ಆಗಷ್ಟೇ ಸೋನಿಯಾ ಗ್ರೀನ್ ಎಂಬಾಕೆಯನ್ನು ಮದುವೆಯಾಗಿ ನ್ಯೂಯಾರ್ಕ್ ಸೇರಿದ್ದ ಲವ್‌ಕ್ರಾಫ್ಟ್ ಒಪ್ಪಲಿಲ್ಲ. ಆ ಕುರ್ಚಿಗೆ ಫಾರ್ನ್ಸ್‌ವರ್ತ್ ರೈಟ್ ಬಂದರು. ಈ ಹೆಸರು ನೆನಪಿರಲಿ.

ನ್ಯೂಯಾರ್ಕಿನ ಎರಡು ವರ್ಷ ಉದ್ಯೋಗ ಹುಡುಕುವ ಯಾರೇ ಓದಿದರೂ ಹೊಟ್ಟೆ ಚುರುಕ್ ಎನ್ನುತ್ತದೆ. ಹೆಂಡತಿಯ ಟೋಪಿ ಅಂಗಡಿ ನಷ್ಟಕ್ಕೆ ಬಿತ್ತು. ಆಕೆ ಕೆಲಸಕ್ಕಾಗಿ ಬೇರೆ ಊರಿಗೆ ಹೋದಳು. ಈತ ಬ್ರೂಕ್ಲಿನ್‌ನ ಒಂದು ಕೋಣೆಯಲ್ಲಿ ಒಬ್ಬನೇ. ವಯಸ್ಸು ಮೂವತ್ತನಾಲ್ಕು, ಡಿಗ್ರಿ ಇಲ್ಲ, ಅನುಭವ ಪತ್ರವಿಲ್ಲ. ಹಾಕಿದ ಅರ್ಜಿಗಳೆಲ್ಲ ವ್ಯರ್ಥ. ಬಾಕಿ ವಸೂಲಿ ಸಂಸ್ಥೆಯೊಂದರ ಸೇಲ್ಸ್ ಕೆಲಸ ಕೆಲವೇ ದಿನಕ್ಕೆ ಮುಗಿಯಿತು. ಡಬ್ಬಿ ಬೀನ್ಸ್ ತಿಂದು ದಿನ ದೂಡಿದ. 1925ರ ಮೇ ತಿಂಗಳಲ್ಲಿ ಕಳ್ಳರು ಕೋಣೆಗೆ ನುಗ್ಗಿ ಇದ್ದ ಸೂಟುಗಳನ್ನೂ ಒಯ್ದರು. ಸಂದರ್ಶನಕ್ಕೆ ಹಾಕಿಕೊಂಡು ಹೋಗುವ ಬಟ್ಟೆಯೇ ಹೋಯಿತೆಂದರೆ ಏನಾಗುತ್ತದೆ, ಯೋಚಿಸಿ. ಅಗ್ಗದ ಸೂಟಿಗಾಗಿ ಆತ ಅಂಗಡಿ ಅಂಗಡಿ ಅಲೆದ.

ಇಲ್ಲಿ ಒಂದು ವಿಷಯ ಮುಚ್ಚಿಡಬಾರದು. ಚಿಕ್ಕಂದಿನಿಂದಲೇ ಇದ್ದ ಜನಾಂಗದ್ವೇಷ ಈ ಸೋಲಿನ ದಿನಗಳಲ್ಲಿ ಇನ್ನಷ್ಟು ಕೆರಳಿತು. ವಲಸೆ ಬಂದ ಬಡವರು, ಕಪ್ಪು ಜನರು, ಯಹೂದಿಗಳ ಬಗ್ಗೆ ಆತ ಬರೆದ ಮಾತುಗಳು ಅಸಹ್ಯ ಹುಟ್ಟಿಸುತ್ತವೆ. ಕೈಹಿಡಿದ ಸೋನಿಯಾಳೇ ಯಹೂದಿ, ವಲಸೆ ಬಂದವಳು. ಅದೂ ಆತನನ್ನು ತಿದ್ದಲಿಲ್ಲ. ಕೆಲಸ ಸಿಗದ ಸಿಟ್ಟನ್ನು ತನ್ನಂತೆಯೇ ಪರದಾಡುವವರ ಮೇಲೆ ತಿರುಗಿಸುವುದು ಎಷ್ಟು ಸುಲಭ ಎಂಬುದಕ್ಕೆ ಆತ ಒಂದು ಎಚ್ಚರಿಕೆ. 2015ರಲ್ಲಿ ಜಾಗತಿಕ ಫ್ಯಾಂಟಸಿ ಪ್ರಶಸ್ತಿಯವರು ತಮ್ಮ ಟ್ರೋಫಿಯಾಗಿದ್ದ ಆತನ ಮುಖದ ಪ್ರತಿಮೆಯನ್ನು ಕೈಬಿಡಲು ತೀರ್ಮಾನಿಸಿದ್ದು ಇದೇ ಹಿನ್ನೆಲೆಯಲ್ಲಿ.

1926ರ ಏಪ್ರಿಲ್‌ನಲ್ಲಿ ಒಬ್ಬನೇ ಪ್ರಾವಿಡೆನ್ಸ್‌ಗೆ ಮರಳಿದ. ಮದುವೆ ಉಳಿಯಲಿಲ್ಲ. ಬೇರೆಯವರ ಬರಹಗಳನ್ನು ಕಡಿಮೆ ಹಣಕ್ಕೆ ತಿದ್ದಿಕೊಡುವುದೇ ಜೀವನೋಪಾಯವಾಯಿತು. ಆದರೆ ಆತನ ಒಳ್ಳೆಯ ಕಥೆಗಳೆಲ್ಲ ಬಂದದ್ದು ಆಮೇಲೆಯೇ. 1931ರ ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ಬಾಲ್ಯದ ಹಿಮಖಂಡಕ್ಕೆ ಕಥೆಯಲ್ಲಿ ಹೊರಟ. ಆ ಕಿರುಕಾದಂಬರಿಯೇ ‘ಅಟ್ ದಿ ಮೌಂಟನ್ಸ್ ಆಫ್ ಮ್ಯಾಡ್‌ನೆಸ್’, ಹುಚ್ಚಿನ ಪರ್ವತಗಳಲ್ಲಿ.

ತಮಾಷೆಯೆಂದರೆ ಲವ್‌ಕ್ರಾಫ್ಟ್‌ಗೆ ಚಳಿ ತಡೆಯುತ್ತಲೇ ಇರಲಿಲ್ಲ. ತೀರಾ ಚಳಿಯಿದ್ದರೆ ಮನೆಯಿಂದ ಹೊರಬರುವುದೇ ಕಷ್ಟ. ಆದರೂ ಕಥೆಯಲ್ಲಿ ಎಲ್ಲವೂ ಕಣ್ಣಾರೆ ಕಂಡವನ ವರದಿಯ ಹಾಗಿದೆ. 1930ರಲ್ಲಿ ಮಿಸ್ಕಟಾನಿಕ್ ಎಂಬ ಕಾಲ್ಪನಿಕ ವಿಶ್ವವಿದ್ಯಾಲಯದ ತಂಡ ಬಾಸ್ಟನ್‌ನಿಂದ ಹೊರಡುತ್ತದೆ. ಎರಡು ಹಡಗು, ನಾಲ್ಕು ವಿಮಾನ, ನಾಯಿಗಳು, ಬಂಡೆಯ ಮಾದರಿ ತೆಗೆಯಲು ಹೊಸ ಬಗೆಯ ಹಗುರ ಡ್ರಿಲ್. ಜೀವವಿಜ್ಞಾನಿ ಲೇಕ್ ಯಾರೂ ಕಾಣದ, ಎವರೆಸ್ಟ್‌ಗಿಂತ ಎತ್ತರದ ಪರ್ವತಸಾಲನ್ನು ನೋಡುತ್ತಾನೆ. ಅದರ ಬುಡದ ಗುಹೆಯಲ್ಲಿ ಪೀಪಾಯಿಯಂಥ ಮೈಯ, ಗಿಡವೋ ಪ್ರಾಣಿಯೋ ತಿಳಿಯದ ಪುರಾತನ ಜೀವಿಗಳು ಸಿಗುತ್ತವೆ. ಖುಷಿಯಲ್ಲಿ ಒಂದನ್ನು ಕತ್ತರಿಸಿ ನೋಡುತ್ತಾನೆ. ಮರುದಿನ ಅವನ ವೈರ್‌ಲೆಸ್ ಮೌನ. ಪ್ರೊಫೆಸರ್ ಡಯರ್ ಹೋಗಿ ನೋಡಿದರೆ ಶಿಬಿರದಲ್ಲಿ ಹೆಣಗಳು. ಕೆಲವನ್ನು ಪ್ರಯೋಗಾಲಯದ ಶಿಸ್ತಿನಲ್ಲಿ ಕತ್ತರಿಸಲಾಗಿದೆ.

ಡಯರ್ ಮತ್ತು ಡ್ಯಾನ್‌ಫೋರ್ತ್ ಎಂಬ ವಿದ್ಯಾರ್ಥಿ ವಿಮಾನದಲ್ಲಿ ಪರ್ವತ ದಾಟುತ್ತಾರೆ. ಆಚೆ ಹಿಮದಲ್ಲಿ ಹೂತ ಕಲ್ಲಿನ ಮಹಾನಗರ. ಗೋಡೆಯ ಕೆತ್ತನೆಗಳಲ್ಲಿ ಮನುಷ್ಯ ಹುಟ್ಟುವುದಕ್ಕೆ ಕೋಟ್ಯಂತರ ವರ್ಷ ಮೊದಲು ಅದನ್ನು ಕಟ್ಟಿದವರ ಚರಿತ್ರೆ. ದುಡಿಸಲೆಂದು ತಾವೇ ಸೃಷ್ಟಿಸಿದ ಆಳುಜೀವಿಗಳು ತಿರುಗಿಬಿದ್ದು ಅವರು ಅಳಿದಿದ್ದರು. ಆಗ ಡಯರ್‌ಗೆ ಹೊಳೆಯುತ್ತದೆ: ಶಿಬಿರದಲ್ಲಿ ಎಚ್ಚೆತ್ತವರು ರಾಕ್ಷಸರಲ್ಲ. ಅವರೂ ವಿಜ್ಞಾನಿಗಳೇ. ಲೇಕ್ ಅವರಿಗೆ ಮಾಡಿದ್ದನ್ನೇ ಅವರು ಲೇಕ್‌ಗೆ ಮಾಡಿದ್ದರು. ಭಯದ ಕಥೆಯೊಂದು ಹೀಗೆ ಅಪರಿಚಿತರ ಬಗ್ಗೆ ಗೌರವದಲ್ಲಿ ನಿಲ್ಲುತ್ತದೆ. ಅಪರಿಚಿತರನ್ನು ದ್ವೇಷಿಸುತ್ತಿದ್ದ ಮನುಷ್ಯನೇ ಇದನ್ನು ಬರೆದ ಎಂಬುದು ನನಗೆ ಇಂದಿಗೂ ಒಗಟು.

ಭೂವಿಜ್ಞಾನ ಓದಿದ ನನಗೆ ಇನ್ನೊಂದು ಅಚ್ಚರಿ. ಖಂಡಗಳು ಚಲಿಸುತ್ತವೆ ಎಂಬ ವೆಗೆನರ್ ಅವರ ವಾದವನ್ನು ಅಮೆರಿಕದ ಬಹುತೇಕ ಭೂವಿಜ್ಞಾನಿಗಳು ಅಂದು ತಳ್ಳಿಹಾಕಿದ್ದರು. ಲವ್‌ಕ್ರಾಫ್ಟ್ ಅದನ್ನು ಕಥೆಯೊಳಗೆ ತಂದ. ಕಥೆ ಬರೆಯುವ ಕೆಲವೇ ತಿಂಗಳ ಮೊದಲು, 1930ರ ನವೆಂಬರ್‌ನಲ್ಲಿ, ವೆಗೆನರ್ ಗ್ರೀನ್‌ಲ್ಯಾಂಡ್‌ನ ಹಿಮದಲ್ಲಿ ಸತ್ತಿದ್ದರು. ಅವರ ವಾದವನ್ನು ಜಗತ್ತು ಒಪ್ಪಿದ್ದು 1960ರ ದಶಕದಲ್ಲಿ.

ಆ ಪರ್ವತಗಳ ನೋಟಕ್ಕೆ ಲವ್‌ಕ್ರಾಫ್ಟ್ ಮತ್ತೆ ಮತ್ತೆ ಒಬ್ಬ ಚಿತ್ರಕಾರನನ್ನು ನೆನೆಯುತ್ತಾನೆ: ಹಿಮಾಲಯವನ್ನು ಬಿಡಿಸಿದ ರಷ್ಯಾದ ನಿಕೊಲಾಯ್ ರೋರಿಕ್. ನ್ಯೂಯಾರ್ಕಿನಲ್ಲಿ ಆತ ನೋಡಿದ ಚಿತ್ರಗಳು ಅವು. ಈ ರೋರಿಕ್ ಅವರ ಮಗ ಸ್ವೆತೊಸ್ಲಾವ್ ಅವರೇ ನಟಿ ದೇವಿಕಾರಾಣಿ ಜೊತೆ ಬೆಂಗಳೂರಿನ ತಾತಗುಣಿ ಎಸ್ಟೇಟ್‌ನಲ್ಲಿ ಬದುಕಿದವರು. ಚಿತ್ರಕಲಾ ಪರಿಷತ್ತಿನಲ್ಲಿ ತಂದೆ ಮಗ ಇಬ್ಬರ ಚಿತ್ರಗಳೂ ಇವೆ. ಹೋದಾಗ ನೋಡಿ. ಹುಚ್ಚಿನ ಪರ್ವತಗಳ ಬಣ್ಣ ಎಲ್ಲಿಂದ ಬಂತೆಂದು ಗೊತ್ತಾಗುತ್ತದೆ.

ಇಷ್ಟೆಲ್ಲ ಸುರಿದು ಬರೆದ ಹಸ್ತಪ್ರತಿಯನ್ನು ಟೈಪ್ ಮಾಡಿ ‘ವಿಯರ್ಡ್ ಟೇಲ್ಸ್’ಗೆ ಕಳಿಸಿದ. ರೈಟ್ ವಾಪಸ್ ಕಳಿಸಿದರು. ಉದ್ದವಾಯಿತು, ಕಂತುಗಳಾಗಿ ಒಡೆಯಲು ಬರುವುದಿಲ್ಲ, ನಂಬುವಂತಿಲ್ಲ ಎಂಬುದು ಕಾರಣ. ತಾನು ಬೇಡವೆಂದ ಕುರ್ಚಿಯಲ್ಲಿ ಕೂತವರಿಂದಲೇ ಈ ಉತ್ತರ.

ಲವ್‌ಕ್ರಾಫ್ಟ್ ಒಳಗೆ ಏನೋ ಮುರಿಯಿತು. ಕಥೆಯನ್ನು ಬೇರೆ ಕಡೆ ಕಳಿಸದೆ ಎತ್ತಿಟ್ಟ. ಅದೇ ವರ್ಷದ ಕೊನೆಗೆ ಬರೆದ ‘ದಿ ಶ್ಯಾಡೊ ಓವರ್ ಇನ್ಸ್‌ಮತ್’ ಕಥೆಯನ್ನು ತಾನಾಗಿ ಪತ್ರಿಕೆಗೆ ಕಳಿಸಲಿಲ್ಲ. ಬರೆಯುವುದೇ ಕಡಿಮೆಯಾಯಿತು. ತನ್ನ ಕಥೆಗಾರಿಕೆಯನ್ನು ಮುಗಿಸಿದ್ದು ಆ ತಿರಸ್ಕಾರವೇ ಎಂದು ಕೊನೆಯ ದಿನಗಳಲ್ಲಿ ಬರೆದುಕೊಂಡ. ಒಬ್ಬ ಸಂಪಾದಕರ ಅಭಿಪ್ರಾಯವನ್ನು ಆತ ಜಗತ್ತಿನ ತೀರ್ಪೆಂದು ನಂಬಿಬಿಟ್ಟಿದ್ದ.

ನಂಬದವರು ಗೆಳೆಯರು. ಆಗಸ್ಟ್ ಡರ್ಲೆತ್ ಎಂಬ ಕಿರಿಯ ಗೆಳೆಯ ಆತನಿಗೆ ಹೇಳದೆಯೇ ಒಂದು ಕಥೆಯನ್ನು ರೈಟ್‌ಗೆ ಕಳಿಸಿದ. ರೈಟ್ ಅದನ್ನು ಕೊಂಡರು! 1935ರಲ್ಲಿ ಜೂಲಿಯಸ್ ಶ್ವಾರ್ಟ್ಸ್ ಎಂಬ ಇಪ್ಪತ್ತರ ಹುಡುಗ, ಸಾಹಿತ್ಯ ಏಜೆಂಟನಾಗಲು ಹೊರಟವನು, ಕೊಡಲು ಏನಾದರೂ ಇದೆಯೇ ಎಂದು ಕೇಳಿ ಅಂಟಾರ್ಕ್ಟಿಕಾದ ಕಥೆಯನ್ನು ಪಡೆದ. ‘ಅಸ್ಟೌಂಡಿಂಗ್ ಸ್ಟೋರೀಸ್’ ಪತ್ರಿಕೆ ಅದನ್ನು 350 ಡಾಲರ್‌ಗೆ ಕೊಂಡಿತು. ಕಮಿಷನ್ ಕಳೆದು 315 ಡಾಲರ್ ಆತನ ಕೈಗೆ ಬಂತು. 1936ರ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಕಥೆ ಅಚ್ಚಾಯಿತು. ಒಡೆಯಲು ಬರುವುದಿಲ್ಲ ಎಂದಿದ್ದ ಅದೇ ಕಥೆ, ಸರಿಯಾಗಿ ಮೂರು ಕಂತುಗಳಲ್ಲಿ.

ಆದರೆ ಹೊತ್ತು ಮೀರಿತ್ತು. ಹಸ್ತಪ್ರತಿಯನ್ನು ಅಲ್ಲಲ್ಲಿ ಕತ್ತರಿಸಿದ್ದು ನೋಡಿ ಆತ ನೊಂದ. ಆರೋಗ್ಯ ಕೆಡುತ್ತಿತ್ತು. ಕರುಳಿನ ಕ್ಯಾನ್ಸರ್ ಎಂದು ಗೊತ್ತಾದಾಗ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ವಿಜ್ಞಾನಿಯಾಗದ ಆತ ಕೊನೆಗೆ ತನ್ನ ರೋಗವನ್ನೇ ಪೆನ್ನು ಹಿಡಿಯಲು ಆಗುವವರೆಗೆ ದಿನಚರಿಯಲ್ಲಿ ದಾಖಲಿಸಿದ. 1937ರ ಮಾರ್ಚ್ 15ರಂದು ತೀರಿಕೊಂಡಾಗ 46 ವರ್ಷ. ಬದುಕಿದ್ದಾಗ ಪುಸ್ತಕದಂಗಡಿಗೆ ಬಂದ ಹಾಗೆ ಬೈಂಡ್ ಆದ ಪುಸ್ತಕ ಒಂದೇ, ಅದೂ ಅಚ್ಚಿನ ತಪ್ಪುಗಳಿಂದ ತುಂಬಿದ್ದು, ಸುಮಾರು 200 ಪ್ರತಿ.

ಡರ್ಲೆತ್ ಮತ್ತು ಡೊನಾಲ್ಡ್ ವಾಂಡ್ರೈ ಆತನ ಕಥೆಗಳನ್ನು ಹೊತ್ತು ಪ್ರಕಾಶಕರ ಬಾಗಿಲು ತಟ್ಟಿದರು. ಯಾರೂ ಒಪ್ಪದಿದ್ದಾಗ 1939ರಲ್ಲಿ ತಾವೇ ‘ಆರ್ಕಮ್ ಹೌಸ್’ ಎಂಬ ಪ್ರಕಾಶನ ಶುರು ಮಾಡಿ 1,268 ಪ್ರತಿ ಅಚ್ಚು ಹಾಕಿಸಿದರು. 2005ರಲ್ಲಿ ಅಮೆರಿಕದ ಶ್ರೇಷ್ಠ ಸಾಹಿತಿಗಳನ್ನು ಪ್ರಕಟಿಸುವ ‘ಲೈಬ್ರರಿ ಆಫ್ ಅಮೆರಿಕ’ ಮಾಲೆಯಲ್ಲಿ ಆತನ ಸಂಪುಟ ಬಂತು.

ಸೋತವನು ಕೊನೆಗೆ ಗೆದ್ದ ಎಂದು ಈ ಕಥೆಯನ್ನು ಮುಗಿಸಲು ನನಗೆ ಮನಸ್ಸಿಲ್ಲ. ಆತ ಗೆಲ್ಲಲಿಲ್ಲ. ಗೆದ್ದದ್ದು ಆತನ ಕಾಗದಗಳು, ಅದೂ ಬೇರೆಯವರು ಕಳಿಸಿದ್ದರಿಂದ. ವಾಪಸ್ ಬಂದ ದಿನವೇ ಆ ಹಸ್ತಪ್ರತಿಯನ್ನು ಇನ್ನೊಂದು ವಿಳಾಸಕ್ಕೆ ಹಾಕಿದ್ದರೆ ನಡುವಿನ ನಾಲ್ಕು ವರ್ಷದಲ್ಲಿ ಇನ್ನೆಷ್ಟು ಬರೆಯುತ್ತಿದ್ದನೋ.

ನನಗಿನ್ನೂ ಕೆಲಸ ಸಿಕ್ಕಿಲ್ಲ. ಆದರೆ ನನ್ನ ಮೇಲ್‌ನ ಡ್ರಾಫ್ಟ್‌ನಲ್ಲಿ ಕಳಿಸದೆ ಉಳಿದ ಅರ್ಜಿ ಈಗ ಒಂದೂ ಇಲ್ಲ. ನಿಮ್ಮ ರೂಮ್‌ಮೇಟ್‌ನ ಟ್ರಂಕಿನಲ್ಲಿ ಅವನೇ ಮರೆತ ಕವಿತೆಯೋ, ಪ್ರಾಜೆಕ್ಟ್ ವರದಿಯೋ ಇದ್ದರೆ ಒಮ್ಮೆ ಕೇಳಿ ನೋಡಿ. ಅವನು ಬೇಡ ಎನ್ನಬಹುದು. ಆದರೂ ಕೇಳಿ.